27ನೇ ಕುರಿಯ ಮೂರನೆಯ ಮರಿ

ಬೆಳಿಗ್ಗೆ 5 ಗಂಟೆ 40 ನಿಮಿಷ. ಕೊಟ್ಟಿಗೆಯ ದೀಪ ಹಾಕಿದಾಗ 27ನೇ ನಂಬರಿನ ಕುರಿ ಗೋಡೆಯ ಪಕ್ಕ ನಿಂತಿತ್ತು. ಅದರ ಕೆಳಗೆ ಎರಡು ಮರಿಗಳು. ಮೈ ಒಣಗಿತ್ತು, ಹೊಟ್ಟೆ ತುಂಬಿತ್ತು, ಬಾಲ ಅಲ್ಲಾಡಿಸುತ್ತಾ ಮೊಲೆ ಚೀಪುತ್ತಿದ್ದವು. ಮನಸ್ಸು ಹಗುರಾಯಿತು. ಆಮೇಲೆ, ಹೊಟ್ಟೆಯಲ್ಲಿ ಎಷ್ಟು ಮರಿ ಅಂತ ಮೊದಲೇ ತಿಳಿದು ಗೋಡೆಯ ಹಲಗೆಯ ಮೇಲೆ ನಾನೇ ಬರೆದಿದ್ದು ಕಣ್ಣಿಗೆ ಬಿತ್ತು. 27: ಮೂರು ಮರಿ.

ಮೂರನೆಯದು ಸಿಕ್ಕಿದ್ದು ಗೋದಲಿಯ ಹಿಂದೆ, ತಾಯಿಯಿಂದ ಎಂಟು ಹತ್ತು ಅಡಿ ದೂರದಲ್ಲಿ. ಮೈಮೇಲೆ ಹಳದಿ ಲೋಳೆ ಅರ್ಧ ಒಣಗಿ ಅಂಟಿಕೊಂಡಿತ್ತು. ಕುತ್ತಿಗೆ ಒಂದು ಕಡೆ ವಾಲಿತ್ತು. ಬಾಯಿಗೆ ಬೆರಳಿಟ್ಟೆ. ಒಳಗೂ ತಣ್ಣಗಿತ್ತು, ಬೆರಳು ಚೀಪಲಿಲ್ಲ. ಸತ್ತೇ ಹೋಗಿದೆ ಅಂದುಕೊಂಡೆ. ಎದೆಯ ಮೇಲೆ ಕೈ ಇಟ್ಟು ಕಾದಾಗ ಮಾತ್ರ ಉಸಿರು ಗೊತ್ತಾಯಿತು. ಥರ್ಮಾಮೀಟರ್ 35.4 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಚೆನ್ನಾಗಿರುವ ಮರಿಯ ಮೈ 39ರಿಂದ 40 ಡಿಗ್ರಿ ಇರಬೇಕು.

ಚಿಕ್ಕ ಹಿಂಡು ಸಾಕುವವರಿಗೆ ಮರಿ ಹಾಕುವ ಕಾಲದಲ್ಲಿ ಇಂಥದ್ದೊಂದು ಮರಿ ಕೈಗೆ ಸಿಕ್ಕೇ ಸಿಗುತ್ತದೆ. ಆಗ ಯಾವುದನ್ನು ಮೊದಲು ಮಾಡಬೇಕು? ಬೆಚ್ಚಗೆ ಮಾಡುವುದಾ, ಹಾಲು ಕುಡಿಸುವುದಾ? ಎರಡು ವರ್ಷದ ಹಿಂದೆ ಈ ಕ್ರಮ ತಪ್ಪಿಸಿ ನಾನು ಒಂದು ಮರಿಯನ್ನು ಕೈಯಾರೆ ಕಳೆದುಕೊಂಡೆ. ಹಾಗಾಗಿಯೇ ಈ ಒಂದು ಬೆಳಗನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿ

ನಮ್ಮದು 38 ತಾಯಿಕುರಿಗಳ ಹಿಂಡು. ನೋಡಿಕೊಳ್ಳುವವರು ನಾನು, ನನ್ನ ಗಂಡ ಮತ್ತು ಮಾವ. ಹಗಲು ಕುಗ್ಗುತ್ತಾ ಬಂದಾಗ ಕುರಿಗಳು ಬೆದೆಗೆ ಬರುತ್ತವೆ. ಗಬ್ಬವಾಗಿ ಸುಮಾರು 147 ದಿನಕ್ಕೆ, ಹೊಸ ಹುಲ್ಲು ಚಿಗುರುವ ಹೊತ್ತಿಗೆ, ಮರಿ ಹಾಕುತ್ತವೆ. ಮರಿ ಹಾಕಿದ ಮೂರು ನಾಲ್ಕು ವಾರಕ್ಕೆ ತಾಯಿಯ ಹಾಲು ಅತಿ ಜಾಸ್ತಿ ಇರುತ್ತದೆ. ಆಗ ಹಸಿರು ಮೇವು ಕೈಗೆ ಸಿಗುತ್ತದೆ ಅನ್ನುವುದೇ ವಸಂತದಲ್ಲಿ ಮರಿ ಹಾಕಿಸುವುದರ ಅನುಕೂಲ. ಆದರೆ ಹುಲ್ಲು ಚಿಗುರಿದ ಮಾತ್ರಕ್ಕೆ ರಾತ್ರಿಯ ಚಳಿ ಹೋಗಿರುವುದಿಲ್ಲ. ಆ ರಾತ್ರಿ ಕೊಟ್ಟಿಗೆಯೊಳಗೆ 4 ಡಿಗ್ರಿ ಇತ್ತು.

ಅದು ಮರಿಗಳು ಶುರುವಾದ ಒಂಬತ್ತನೆಯ ದಿನ. ಅರ್ಧಕ್ಕಿಂತ ಜಾಸ್ತಿ ಕುರಿಗಳು ಮರಿ ಹಾಕಿದ್ದವು. ನಮ್ಮ ಮೂವರಿಗೂ ನಿದ್ದೆ ಸಾಲದೆ ಕಣ್ಣು ಉರಿಯುತ್ತಿತ್ತು.

27ನೇ ಕುರಿಗೆ ಆರು ವರ್ಷ. ಒಳ್ಳೆಯ ತಾಯಿ. ಹಿಂದೆಲ್ಲ ಅವಳಿ ಹಾಕಿ ಎರಡನ್ನೂ ಚೆನ್ನಾಗಿ ಬೆಳೆಸಿತ್ತು. ಮೂರು ಮರಿ ಇದೇ ಮೊದಲು. ಹೊಟ್ಟೆಯಲ್ಲಿರುವ ಮರಿಯ ಬೆಳವಣಿಗೆಯಲ್ಲಿ ನೂರಕ್ಕೆ ಸುಮಾರು 70 ಭಾಗ ಆಗುವುದು ಕೊನೆಯ ಆರು ವಾರದಲ್ಲಿ. ಮೂರು ಮರಿ ಇದ್ದರೆ ಗರ್ಭವೇ ಜಾಗ ತುಂಬಿಕೊಂಡು, ಮೇವಿಗೆ ಹೊಟ್ಟೆಯಲ್ಲಿ ಜಾಗ ಉಳಿಯುವುದಿಲ್ಲ. ಕಾಳಿನ ಮೇವನ್ನು ಎರಡು ಹೊತ್ತಿಗೆ ಹಂಚಿ ಕೊಟ್ಟರೂ ಕೊನೆಯ ವಾರ ಅದು ಸ್ವಲ್ಪ ಬಿಡುತ್ತಿತ್ತು. ಮೂರರಲ್ಲಿ ಒಂದು ಸಣ್ಣದಾಗಿ ಹುಟ್ಟಬಹುದು ಅಂತ ಆಗಲೇ ಗೊತ್ತಿತ್ತು.

ಅದೇ ಸಂಜೆ ಇನ್ನೊಂದು ಘಟನೆ ನಡೆದಿತ್ತು. 14ನೇ ಕುರಿಗೆ ಒಂದೇ ಮರಿ, ದೊಡ್ಡದು. ಸಾಮಾನ್ಯವಾಗಿ ಎರಡು ಮುಂಗಾಲು, ಅವುಗಳ ಮೇಲೆ ಮೂಗು, ಹೀಗೆ ಮರಿ ಹೊರಗೆ ಬರುತ್ತದೆ. ಇದರದ್ದು ತಲೆ ಮಾತ್ರ ಬಂದಿತ್ತು, ಕಾಲುಗಳು ಹಿಂದಕ್ಕೆ ಮಡಚಿಕೊಂಡಿದ್ದವು. ನಾವು ನೋಡುವಷ್ಟರಲ್ಲಿ ತಲೆ ಊದಿಕೊಂಡು ನಾಲಿಗೆ ನೀಲಿಯಾಗಿತ್ತು. ರಾತ್ರಿ ಒಂಬತ್ತಕ್ಕೆ ಹೊರಗೆ ತೆಗೆದಾಗ ಮರಿ ಸತ್ತಿತ್ತು. ನಾನು ಅದನ್ನು ಎತ್ತಿಕೊಂಡು ಹೊರಡಲು ನೋಡಿದೆ. ಮಾವ ತಡೆದರು.

"ಅಲ್ಲೇ ಬಿಡಮ್ಮ. ಅದು ನೆಕ್ಕಲಿ. ನಾಳೆ ಯಾವುದಾದ್ರೂ ಮರಿ ಕೊಡೋಕೆ ಬೇಕಾಗುತ್ತೆ."

ಸತ್ತ ಮರಿಯನ್ನು ತಾಯಿ ನೆಕ್ಕುತ್ತಾ ಸಣ್ಣದಾಗಿ ಗುರುಗುಡುವುದನ್ನು ನೋಡುವುದು ಕಷ್ಟ. ಆದರೆ ಅವರ ಮಾತು ಸರಿ. ಹೆತ್ತ ಮೇಲೆ ಮರಿಯ ವಾಸನೆ ಸಿಗದೆ ಹೋದರೆ ಕೆಲವೇ ಗಂಟೆಗಳಲ್ಲಿ ಕುರಿಯ ತಾಯ್ತನ ಆರುತ್ತಾ ಹೋಗುತ್ತದೆ. ಸತ್ತದ್ದಾದರೂ ಸರಿ, ಎದುರಿಗೆ ಇದ್ದರೆ ಅದು ಉಳಿದಿರುತ್ತದೆ, ಬೇರೆ ತಾಯಿಯ ಮರಿಯನ್ನು ಅದಕ್ಕೆ ಒಪ್ಪಿಸಬಹುದು.

ರಾತ್ರಿ 11 ಗಂಟೆ 15ಕ್ಕೆ ಕೊನೆಯ ಸುತ್ತು ಹಾಕಿದೆ. 27 ಮಲಗಿ ಮೆಲುಕು ಹಾಕುತ್ತಿತ್ತು. ಹಿಂಡಿನಿಂದ ಬೇರೆ ಹೋಗುವುದು, ಕಾಲಿನಿಂದ ನೆಲ ಕೆರೆಯುವುದು, ಎದ್ದು ಮಲಗಿ ಮಾಡುವುದು, ಇಂಥ ಒಂದು ಲಕ್ಷಣವೂ ಇರಲಿಲ್ಲ. ಎರಡು ಗಂಟೆಗೆ ಅಲಾರಂ ಇಟ್ಟು ಮಲಗಿದೆ. ಅಲಾರಂ ಹೊಡೆದಿತ್ತು, ನಾನೇ ನಿದ್ದೆಗಣ್ಣಲ್ಲಿ ಆರಿಸಿದ್ದೆ. ಆ ಆರೂವರೆ ಗಂಟೆಯ ಅಂತರ ನನ್ನದೇ ತಪ್ಪು.

ನಡೆದದ್ದು ಏನಿರಬಹುದು ಅಂತ ನೆಲ ನೋಡಿದರೆ ಗೊತ್ತಾಗುತ್ತಿತ್ತು. ಗೋದಲಿಯ ಹಿಂದೆ ಒಂದು ಕಡೆ ಒದ್ದೆ, ಗೋಡೆಯ ಪಕ್ಕ ಇನ್ನೊಂದು ಕಡೆ ಒದ್ದೆ. ಮೂರನೆಯದು ಹುಟ್ಟುವ ಹೊತ್ತಿಗೆ ಮೊದಲಿನ ಎರಡು ಮರಿಗಳು ಎದ್ದು ಗೋಡೆಯ ಕಡೆ ನಡೆದಿರಬೇಕು. ತಾಯಿ ಅವುಗಳ ಹಿಂದೆ ಹೋಗಿದೆ. ಕೊನೆಯದನ್ನು ನೆಕ್ಕಲೇ ಇಲ್ಲ.

ಮೊದಲ ಹದಿನೈದು ನಿಮಿಷ

ಮರಿ ಹುಟ್ಟುವಾಗ ಮೂತ್ರಪಿಂಡದ ಸುತ್ತ ಕಂದು ಬಣ್ಣದ ವಿಶೇಷ ಕೊಬ್ಬು ಇಟ್ಟುಕೊಂಡೇ ಬರುತ್ತದೆ. ಆ ಕೊಬ್ಬು ಉರಿದು ಮೈಗೆ ಶಾಖ ಕೊಡುತ್ತದೆ. ಗಿಣ್ಣು ಹಾಲು ಹೊಟ್ಟೆಗೆ ಬೀಳುವವರೆಗೆ ಇರುವ ಉರುವಲು ಅದೊಂದೇ. ಒದ್ದೆ ಮೈ, ಚಳಿ, ಖಾಲಿ ಹೊಟ್ಟೆ, ಮೂರೂ ಸೇರಿದರೆ ಸುಮಾರು ಐದು ಗಂಟೆಯಲ್ಲಿ ಅದು ಮುಗಿದುಹೋಗುತ್ತದೆ. ಆಮೇಲೆ ರಕ್ತದಲ್ಲಿ ಸಕ್ಕರೆಯೂ ಇಳಿಯುತ್ತದೆ.

ನಾವು ತಪ್ಪುವುದು ಇಲ್ಲೇ. ತಣ್ಣಗಿರುವ ಮರಿ ಕಂಡರೆ ಯಾರಿಗಾದರೂ ಮೊದಲು ಬೆಚ್ಚಗೆ ಮಾಡೋಣ ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದೆ. ಬಿಸಿ ದೀಪದ ಕೆಳಗೆ ಇಟ್ಟೆ. ಅರ್ಧ ಗಂಟೆಯಲ್ಲಿ ಮರಿ ತಲೆ ಎತ್ತಿತು. ಬದುಕಿತು ಅಂತ ಎಲ್ಲರನ್ನೂ ಕೂಗಿ ಕರೆದೆ. ಸ್ವಲ್ಪ ಹೊತ್ತಿಗೆ ತಲೆ ಹಿಂದಕ್ಕೆ ಬಾಗಿ, ಕಾಲು ಸೆಟೆದು, ಫಿಟ್ಸ್ ಬಂದು ಸತ್ತಿತು. ಮೈ ಬೆಚ್ಚಗಾದ ಕೂಡಲೇ ಮಿದುಳಿಗೂ ಮಾಂಸಖಂಡಕ್ಕೂ ಸಕ್ಕರೆ ಜಾಸ್ತಿ ಬೇಕಾಗುತ್ತದೆ. ರಕ್ತದಲ್ಲಿ ಅದು ಇರಲಿಲ್ಲ. ಶಾಖವೇ ಅದನ್ನು ಕೊಂದಿತು ಅಂತ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು.

ಆದ್ದರಿಂದ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮೈ 37 ಡಿಗ್ರಿಗಿಂತ ಕೆಳಗಿದೆಯಾ? ಮರಿ ಹುಟ್ಟಿ ಐದು ಗಂಟೆ ದಾಟಿದೆಯಾ? ಎರಡಕ್ಕೂ ಹೌದು ಅನ್ನುವುದಾದರೆ ಶಾಖಕ್ಕಿಂತ ಮೊದಲು ಗ್ಲೂಕೋಸ್. ಇದು ಹುಟ್ಟಿದ ಹೊತ್ತು ನನಗೆ ಗೊತ್ತಿರಲಿಲ್ಲ. ಆದರೆ ಅಣ್ಣಂದಿರಿಬ್ಬರ ಹೊಕ್ಕುಳಬಳ್ಳಿ ಆಗಲೇ ಬತ್ತಿ ಒಣಗಲು ಶುರುವಾಗಿತ್ತು. ಅನುಮಾನ ಇದ್ದಾಗ ಐದು ಗಂಟೆ ದಾಟಿದೆ ಅಂತಲೇ ಎಣಿಸುವುದು ಕ್ಷೇಮ.

ಡಾಕ್ಟರಿಗೆ ಫೋನ್ ಮಾಡಿದೆ. ಆ ಹೊತ್ತಿನಲ್ಲೂ ಎತ್ತಿದರು.

"ತಲೆ ಎತ್ತುತ್ತಾ?"

"ಇಲ್ಲ ಡಾಕ್ಟ್ರೇ. 35.4 ಇದೆ. ಬೆರಳು ಚೀಪ್ತಿಲ್ಲ."

"ಹಾಗಿದ್ರೆ ಬಾಯಿಗೆ ಏನೂ ಹಾಕಬೇಡಿ. ಮೊದಲು ಗ್ಲೂಕೋಸ್. ಹೋದ ವರ್ಷ ತೋರಿಸಿಕೊಟ್ಟಿದ್ದೀನಲ್ಲ, ಹಾಗೇ ಮಾಡಿ. ನಾನು ಎಂಟರ ಹೊತ್ತಿಗೆ ಬರ್ತೀನಿ."

ಬಾಯಿಗೆ ಹಾಕಬಾರದು ಯಾಕೆಂದರೆ, ತಲೆ ಎತ್ತಲಾಗದ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು.

ಮೊದಲು ಟವೆಲ್‌ನಿಂದ ಮೈ ಉಜ್ಜಿ ಪೂರ್ತಿ ಒಣಗಿಸಿದೆವು. ಒದ್ದೆ ಮೈ ಶಾಖವನ್ನು ಕಳೆಯುತ್ತಲೇ ಇರುತ್ತದೆ. ತಕ್ಕಡಿಗೆ ಹಾಕಿದರೆ 2.6 ಕೆಜಿ. ಕೊಡಬೇಕಾದದ್ದು ನೂರಕ್ಕೆ 20 ಭಾಗ ಗಟ್ಟಿಯ ಗ್ಲೂಕೋಸ್, ಕೆಜಿಗೆ 10 ಮಿಲಿ. ನಮ್ಮಲ್ಲಿ ಇದ್ದದ್ದು 50 ಭಾಗದ ಬಾಟಲಿ. ಅದರಲ್ಲಿ 10 ಮಿಲಿ ತೆಗೆದು, ಕುದಿಸಿ ಆರಿಸಿದ ನೀರು 15 ಮಿಲಿ ಸೇರಿಸಿದರೆ 20 ಭಾಗದ್ದು 25 ಮಿಲಿ ಆಯಿತು. ಈ ಮರಿಗೆ ಅಷ್ಟು ಸಾಕು. ಮಣಿಕಟ್ಟಿನ ಮೇಲೆ ಹನಿ ಹಾಕಿದರೆ ಬೆಚ್ಚಗೆ ಅನ್ನಿಸಬೇಕು. ತಣ್ಣಗಿನದು ಕೊಟ್ಟರೆ ಇರುವ ಶಾಖವೂ ಹೋಗುತ್ತದೆ.

ನನ್ನ ಗಂಡ ಮರಿಯ ಎರಡು ಮುಂಗಾಲು ಹಿಡಿದು ಜೋತುಬಿಟ್ಟರು. ಹೊಕ್ಕುಳದಿಂದ ಎರಡೂವರೆ ಸೆಂಟಿಮೀಟರ್ ಕೆಳಗೆ, ಅಷ್ಟೇ ಪಕ್ಕಕ್ಕೆ, ಒಂದು ಇಂಚಿನ ಸೂಜಿಯನ್ನು ಬಾಲದ ಕಡೆಗೆ ಓರೆಯಾಗಿ ಚುಚ್ಚಿ ಹೊಟ್ಟೆಯ ಪೊಳ್ಳಿಗೆ ನಿಧಾನವಾಗಿ ಬಿಡಬೇಕು. ಓದಿದಾಗ ಸುಲಭ ಅನ್ನಿಸುತ್ತದೆ. ಕೈ ನಡುಗುತ್ತದೆ. ಡಾಕ್ಟರ ಎದುರಿಗೆ ಒಮ್ಮೆ ಮಾಡಿ ಕಲಿಯದೆ ಯಾರೂ ಇದಕ್ಕೆ ಕೈ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಸೂಜಿಯ ದಿಕ್ಕು ತಪ್ಪಿದರೆ ಒಳಗಿನ ಅಂಗಕ್ಕೆ ತಾಗುತ್ತದೆ. ಚುಚ್ಚುವ ಜಾಗಕ್ಕೆ ಅಯೋಡಿನ್ ಹಚ್ಚಿದ್ದೆವು, ಹೊಕ್ಕುಳಬಳ್ಳಿಯನ್ನೂ ಅದರಲ್ಲೇ ಅದ್ದಿದೆವು.

ಗಡಿಯಾರ ನೋಡಿದರೆ 5 ಗಂಟೆ 58.

ಪೆಟ್ಟಿಗೆಯ ಒಳಗೆ

ಆಮೇಲೆ ಬೆಚ್ಚನೆಯ ಪೆಟ್ಟಿಗೆ. ನಮ್ಮದು ಹಲಗೆಯದು. ನಡುವೆ ಜಾಲರಿ, ಅದರ ಮೇಲೆ ಮರಿ, ಕೆಳಗಿನಿಂದ ಬಿಸಿ ಗಾಳಿ. ಒಳಗಿನ ಗಾಳಿ 37 ಡಿಗ್ರಿ ಆಸುಪಾಸಿನಲ್ಲಿ ಇರಬೇಕು, 40 ದಾಟಬಾರದು. ಒಳಗೊಂದು ಥರ್ಮಾಮೀಟರ್ ನೇತುಹಾಕಿರುತ್ತೇವೆ. ಬಿಸಿ ದೀಪದಲ್ಲಿ ಈ ಲೆಕ್ಕ ಸಿಗುವುದಿಲ್ಲ. ಒಂದು ಮಗ್ಗುಲು ಸುಡುತ್ತದೆ, ಇನ್ನೊಂದು ತಣ್ಣಗೇ ಇರುತ್ತದೆ.

6 ಗಂಟೆ 30ಕ್ಕೆ ಮರಿಯ ಮೈ 36.2. ಏಳಕ್ಕೆ 37.3. ಅಷ್ಟರಲ್ಲಿ ಅದು ಎದೆಯ ಮೇಲೆ ಕೂತು ತಲೆ ಎತ್ತಿತ್ತು. ನನಗೆ ಹಳೆಯ ಮರಿಯ ನೆನಪಾಗಿ ಭಯ. ಮುಂದಿನ ಹತ್ತು ನಿಮಿಷ ಪೆಟ್ಟಿಗೆಯ ಪಕ್ಕದಿಂದ ಏಳಲೇ ಇಲ್ಲ. ಕಾಲು ಸೆಟೆಯಲಿಲ್ಲ. ಬೆರಳಿಟ್ಟರೆ ಒಮ್ಮೆ ಮೆಲ್ಲಗೆ ಚೀಪಿತು.

ಇನ್ನು ಗಿಣ್ಣು. ಕುರಿಯಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ. ಎಲ್ಲವೂ ಗಿಣ್ಣಿನಿಂದಲೇ ಬರಬೇಕು. ಮರಿಯ ಕರುಳು ಅದನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಚೆನ್ನಾಗಿ, ಆಮೇಲೆ ಇಳಿಯುತ್ತಾ ಹೋಗಿ 24 ಗಂಟೆಗೆ ಬಾಗಿಲು ಮುಚ್ಚಿದ ಹಾಗೆ. ನಾವು ಆಗಲೇ ತಡವಾಗಿದ್ದೆವು. ಮೊದಲ ಸಲ ಕೆಜಿಗೆ 50 ಮಿಲಿ, ಒಂದು ದಿನಕ್ಕೆ ಒಟ್ಟು ಕೆಜಿಗೆ 200 ಮಿಲಿ. ಈ ಮರಿಗೆ ಅಂದರೆ 130 ಮಿಲಿಯಂತೆ ನಾಲ್ಕು ಸಲ.

ಯಾರ ಗಿಣ್ಣು? ಮಾವ ಅದಾಗಲೇ 14ರ ಹತ್ತಿರ ಕೂತು ಪಾತ್ರೆಗೆ ಕರೆಯುತ್ತಿದ್ದರು. ಅದರ ಕೆಚ್ಚಲು ಬಿಗಿದುಕೊಂಡಿತ್ತು, ಕುಡಿಯುವವರು ಇರಲಿಲ್ಲ. "ಇದೇ ಕುಡಿಸು. ಮರಿ ಮೈಯಲ್ಲಿ ಇದರ ಹಾಲಿನ ವಾಸನೆ ಬರಲಿ," ಅಂದರು. ಅವರ ತಲೆಯಲ್ಲಿ ಮುಂದಿನ ಹೆಜ್ಜೆ ಆಗಲೇ ಇತ್ತು.

ಹೊಟ್ಟೆಗೆ ಗಿಣ್ಣು ಇಳಿಸುವ ನಳಿಕೆಯನ್ನು ಮರಿಯ ಮೂಗಿನಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಹಾಕಿದೆ. ಬಾಯಿಯ ಪಕ್ಕದಿಂದ ನಾಲಿಗೆಯ ಮೇಲೆ ಜಾರಿಸಿದೆ. ಮರಿ ತಾನೇ ನುಂಗಿಕೊಂಡಿತು. ಕೆಮ್ಮಲಿಲ್ಲ, ಒದ್ದಾಡಲಿಲ್ಲ, ಗುರುತಿನವರೆಗೂ ಇಳಿಯಿತು. ಶ್ವಾಸನಾಳಕ್ಕೆ ಹೋಗಿದ್ದರೆ ಅಷ್ಟು ಸಲೀಸಾಗಿ ಹೋಗುತ್ತಿರಲಿಲ್ಲ. ನಳಿಕೆಗೆ ಸಿಕ್ಕಿಸಿದ ಸಿರಿಂಜಿನ ಒತ್ತುವ ಕಡ್ಡಿ ತೆಗೆದು, ಗಿಣ್ಣು ತನ್ನ ಭಾರಕ್ಕೆ ತಾನೇ ಇಳಿಯಲು ಬಿಟ್ಟೆ. ಒತ್ತಿ ತುಂಬಬಾರದು.

ಡಾಕ್ಟರು ಬಂದಾಗ 38.6 ಆಗಿತ್ತು. ಮರಿಯನ್ನು ಪೆಟ್ಟಿಗೆಯಿಂದ ಆಗಲೇ ಹೊರಗೆ ತೆಗೆದಿದ್ದೆವು. ಅದರಲ್ಲೇ ಬಿಟ್ಟರೆ ಮೈ ಕಾದು ಇನ್ನೊಂದು ತೊಂದರೆ. ಹೊಟ್ಟೆಗೆ ಸೂಜಿ ಹಾಕಿದ್ದರಿಂದ ಸೋಂಕು ತಗಲದಿರಲಿ ಅಂತ ಡಾಕ್ಟರು ಒಂದು ಆಂಟಿಬಯೋಟಿಕ್ ಕೊಟ್ಟರು. ಹೊರಡುವಾಗ, ಬಾಗಿಲಲ್ಲಿ ನಿಂತಿದ್ದ ನನ್ನ ನಾದಿನಿಯನ್ನು ನೋಡಿ, "ಅಮ್ಮಾ, ನೀವು ಒಳಗೆ ಬರಬೇಡಿ," ಅಂದರು. ಅವಳಿಗೆ ಐದು ತಿಂಗಳು. ಕುರಿಗಳಲ್ಲಿ ಗರ್ಭಪಾತ ಮಾಡಿಸುವ ಕೆಲವು ರೋಗಾಣುಗಳು ಬಸುರಿಯರಿಗೂ ಅಪಾಯ. ಮರಿ, ಮಾಸು, ನಮ್ಮ ಕೊಟ್ಟಿಗೆ ಬಟ್ಟೆ, ಯಾವುದನ್ನೂ ಅವರು ಮುಟ್ಟಬಾರದು. ಅವತ್ತಿನಿಂದ ನಾವು ಬಟ್ಟೆ ಬದಲಿಸದೆ ಮನೆಯೊಳಗೆ ಕಾಲಿಡುವುದಿಲ್ಲ.

ಯಾರ ಮರಿ

ಇಲ್ಲಿ ನನಗೂ ಮಾವನಿಗೂ ಅಭಿಪ್ರಾಯ ಬೇರೆಯಾಯಿತು.

ಕುರಿಗೆ ಇರುವುದು ಎರಡೇ ಮೊಲೆ. ಮೂರನ್ನೂ ಬಿಟ್ಟರೆ ಸಣ್ಣದು ದಿನೇ ದಿನೇ ಸೊರಗುತ್ತದೆ. 14ಕ್ಕೆ ಒಂದನ್ನು ಕೊಡಬೇಕು, ಅದರಲ್ಲಿ ಅನುಮಾನ ಇರಲಿಲ್ಲ. ಆದರೆ ಯಾವುದನ್ನು? ಮಾವ ಹೇಳಿದ್ದು ದೊಡ್ಡದನ್ನು. "ಹೊಸ ತಾಯಿ ಒಂದೆರಡು ಸಲ ತಳ್ಳುತ್ತೆ. ತಳ್ಳಿಸಿಕೊಂಡು ಮತ್ತೆ ಹೋಗೋ ಮರಿ ಬೇಕು. ಇದಕ್ಕೆ ಎಲ್ಲಿದೆ ಶಕ್ತಿ?" ಸಾಮಾನ್ಯವಾಗಿ ಇದೇ ಸರಿಯಾದ ಮಾತು. ಬೇರೆ ತಾಯಿಗೆ ಕೊಡುವುದು ಗಟ್ಟಿ ಮರಿಯನ್ನೇ.

ನನಗೆ ಅನ್ನಿಸಿದ್ದು ಬೇರೆ. 27ರ ಎರಡೂ ಮರಿಗಳು 3.9 ಮತ್ತು 3.6 ಕೆಜಿ, ಒಳ್ಳೆಯ ಜೋಡಿ. ತಾಯಿ ಅವುಗಳನ್ನು ನೆಕ್ಕಿ, ವಾಸನೆ ಹಿಡಿದು, ತನ್ನದು ಅಂತ ಒಪ್ಪಿಕೊಂಡಿದೆ. ಸಣ್ಣದರ ವಾಸನೆ ಅದಕ್ಕೆ ಗೊತ್ತೇ ಇಲ್ಲ. ಈಗ ದೊಡ್ಡದನ್ನು ಕಿತ್ತು 14ಕ್ಕೆ ಕೊಟ್ಟರೆ, ಸಣ್ಣದನ್ನು 27ಕ್ಕೂ ಹೊಸದಾಗಿ ಒಪ್ಪಿಸಬೇಕು. ಒಂದರ ಬದಲು ಎರಡು ಕಡೆ ಜಗಳ. ಅದೂ ಅಲ್ಲದೆ 27ರ ಹತ್ತಿರ ಸಣ್ಣದಕ್ಕೆ ಪೈಪೋಟಿ ಇರುತ್ತದೆ, 14ರ ಹತ್ತಿರ ಕೆಚ್ಚಲು ಪೂರ್ತಿ ಅದರದ್ದೇ.

ಮಾವ ಒಂದು ಷರತ್ತು ಹಾಕಿ ಒಪ್ಪಿದರು. ಮರಿ ತಾನಾಗಿ ನಿಂತು, ಬಾಟಲಿಯಿಂದ ಹಸಿದು ಕುಡಿಯುವವರೆಗೂ ಕೊಡಬಾರದು. ಆ ಷರತ್ತು ನನಗೆ ಹೊಳೆದಿರಲಿಲ್ಲ. ಅದು ಇಲ್ಲದಿದ್ದರೆ ನನ್ನ ಲೆಕ್ಕ ಕೆಟ್ಟುಹೋಗುತ್ತಿತ್ತು. ಮಧ್ಯಾಹ್ನ 12ಕ್ಕೆ ಎರಡನೆಯ ಸಲದ ಗಿಣ್ಣನ್ನು ಬಾಟಲಿಯಲ್ಲಿ ಹಿಡಿದಾಗ ಮರಿ ನಿಂತುಕೊಂಡೇ ಎಳೆದು ಕುಡಿಯಿತು. ಬಾಲ ಅಲ್ಲಾಡಿತು. ಮಾವ ಚಾಕು ಮಸೆಯಲು ಎದ್ದರು.

14ರ ಸತ್ತ ಮರಿಯ ಚರ್ಮವನ್ನು, ಅದರ ವಾಸನೆಗಾಗಿ ನಮ್ಮ ಮರಿಗೆ ತೊಡಿಸಲು, ಅವರು ಅಂಗಿ ಕಳಚಿದ ಹಾಗೆ ಇಡಿಯಾಗಿ ತೆಗೆದರು. ಕುತ್ತಿಗೆಗೆ ಒಂದು ತೂತು, ಕಾಲುಗಳಿಗೆ ನಾಲ್ಕು. ಬಾಲದ ಭಾಗವನ್ನು ಜೋಪಾನವಾಗಿ ಉಳಿಸಿಕೊಂಡರು. ಕುರಿ ತನ್ನ ಮರಿಯನ್ನು ಗುರುತು ಹಿಡಿಯಲು ಮೂಸುವುದು ಹೆಚ್ಚಾಗಿ ಅಲ್ಲೇ. ಇದನ್ನು ಮಾಡಬಹುದಾದದ್ದು ಆ ಮರಿ ರೋಗದಿಂದ ಸತ್ತದ್ದಲ್ಲ, ಹೆರಿಗೆಯಲ್ಲಿ ಸಿಕ್ಕಿಕೊಂಡು ಸತ್ತದ್ದು ಅಂತ ಖಚಿತವಾಗಿ ಗೊತ್ತಿದ್ದರಿಂದ. ಕಾರಣ ಗೊತ್ತಿಲ್ಲದ ಸಾವಾದರೆ ಚರ್ಮ ತೆಗೆಯುವ ಮಾತೇ ಇಲ್ಲ. ಹೊಸ ಮರಿಗೆ ರೋಗವನ್ನು ಉಡಿಸಿದ ಹಾಗಾಗುತ್ತದೆ.

ಆ ಚರ್ಮ ನಮ್ಮ ಸಣ್ಣ ಮರಿಗೆ ದೊಡ್ಡದಾಯಿತು. ಹೊಟ್ಟೆಯ ಹತ್ತಿರ ದಾರದಿಂದ ಎರಡು ಕಡೆ ಸಡಿಲವಾಗಿ ಕಟ್ಟಬೇಕಾಯಿತು.

ಒಂದೂವರೆ ಮೀಟರ್ ಉದ್ದಗಲದ ಚಿಕ್ಕ ಗೂಡಿನಲ್ಲಿ 14 ಒಂದೇ ನಿಂತಿತ್ತು. ಬೆಳಗಿನಿಂದ ಮರಿಗಾಗಿ ಕೂಗುತ್ತಲೇ ಇತ್ತು. ಮರಿಯನ್ನು ಅದರ ಮೂಗಿನ ಮುಂದೆ ಇಳಿಸಿದೆ. ಮುಖ ಮೂಸಿ ಒಂದು ಹೆಜ್ಜೆ ಹಿಂದೆ ಹೋಯಿತು. ಕಾಲಿನಿಂದ ನೆಲ ಬಡಿಯಿತು. ಮರಿ ತಡವರಿಸುತ್ತಾ ಅದರ ಪಕ್ಕಕ್ಕೆ ನಡೆದಾಗ, ಕುತ್ತಿಗೆ ತಿರುಗಿಸಿ ಬಾಲ ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ರಾತ್ರಿ ಕೇಳಿದ್ದ ಅದೇ ಸಣ್ಣ ಗುರುಗುಡುವ ದನಿ ಬಂತು. ನನ್ನ ಗಂಡ ಮುಖ ಆ ಕಡೆ ತಿರುಗಿಸಿಕೊಂಡರು.

ಮೊದಲ ದಿನ ಮುಖದ ಕಡೆ ಮೂಸಿದಾಗೆಲ್ಲ ಅದಕ್ಕೆ ಅನುಮಾನ ಬರುತ್ತಿತ್ತು. ಎರಡು ಸಲ ಗುದ್ದಿತು. ಎರಡು ಗಂಟೆಗೊಮ್ಮೆ ಕುರಿಯನ್ನು ಹಿಡಿದು ನಿಲ್ಲಿಸಿ ಮರಿಗೆ ಕುಡಿಸಿದೆವು. ಎರಡನೆಯ ದಿನ ಹಿಡಿಯಬೇಕಾಗಲಿಲ್ಲ. ಮೂರನೆಯ ದಿನ ಚರ್ಮ ವಾಸನೆ ಬರಲು ಶುರುವಾಯಿತು. ಮೊದಲು ಮುಂದಿನ ಅರ್ಧ ಕತ್ತರಿಸಿದೆವು, ಸಂಜೆ ಹಿಂದಿನದನ್ನೂ. ಬರಿಮೈ ಮರಿಯನ್ನು 14 ತಲೆಯಿಂದ ಬಾಲದವರೆಗೆ ಮೂಸಿ, ನೆಕ್ಕಲು ಶುರು ಮಾಡಿತು.

ಬದಲಾದದ್ದು

ರಾತ್ರಿಯ ಸುತ್ತನ್ನು ಈಗ ಹಂಚಿಕೊಂಡಿದ್ದೇವೆ. 11ಕ್ಕೆ ನಾನು, 2ಕ್ಕೆ ನನ್ನ ಗಂಡ, 5ಕ್ಕೆ ಮಾವ. ಒಬ್ಬರೇ ಎರಡು ಸುತ್ತು ಮಾಡುವಂತಿಲ್ಲ. ದಣಿದವರ ಕೈ ಅಲಾರಂ ಆರಿಸಿಯೇ ಆರಿಸುತ್ತದೆ. ಮೂರು ಮರಿ ಇರುವ ಕುರಿಗಳನ್ನು ದಿನ ತುಂಬುವ ಮೊದಲೇ ಬಾಗಿಲ ಹತ್ತಿರದ ಭಾಗಕ್ಕೆ ತರುತ್ತೇವೆ, ಗೋದಲಿಯ ಹಿಂದಿನ ಸಂದಿಗೆ ಹಲಗೆ ಹೊಡೆದಿದ್ದೇವೆ. ಥರ್ಮಾಮೀಟರ್, ಸೂಜಿ, ಗ್ಲೂಕೋಸ್, ನಳಿಕೆ ಎಲ್ಲ ಒಂದೇ ಡಬ್ಬಿಯಲ್ಲಿ ಕೊಟ್ಟಿಗೆಯಲ್ಲೇ ಇರುತ್ತವೆ. ಡಬ್ಬಿಯ ಮುಚ್ಚಳದ ಒಳಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ: 37ಕ್ಕಿಂತ ಕೆಳಗೆ, 5 ಗಂಟೆ ದಾಟಿದ್ದರೆ, ಒಣಗಿಸು, ಗ್ಲೂಕೋಸ್, ಆಮೇಲೆ ಶಾಖ, ತಲೆ ಎತ್ತಿದ ಮೇಲೆ ಗಿಣ್ಣು. ಬೆಳಗಿನ ಜಾವ ಐದಕ್ಕೆ ನೆನಪಿನ ಮೇಲೆ ನಾನು ಭರವಸೆ ಇಡುವುದಿಲ್ಲ.

ಹೆಚ್ಚಾದ ಗಿಣ್ಣನ್ನೂ ಈಗ ಫ್ರೀಜರಿನಲ್ಲಿ ಇಡುತ್ತೇವೆ. ಕರಗಿಸುವಾಗ ಬೆಚ್ಚಗಿನ ನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಬೇಕು. ಕಾಯಿಸಿದರೆ ಅದರಲ್ಲಿರುವ ರೋಗನಿರೋಧಕ ಅಂಶ ಕೆಡುತ್ತದೆ.

ಪುಸ್ತಕದಲ್ಲಿ ಆ ಮರಿಯ ಸಾಲಿನಲ್ಲಿ ಎರಡು ನಂಬರು ಇವೆ. ಹೆತ್ತದ್ದು 27, ಸಾಕಿದ್ದು 14. ಮುಂದೆ ಅದನ್ನು ಹಿಂಡಿನಲ್ಲೇ ಉಳಿಸಿಕೊಳ್ಳುವುದಾದರೆ ಯಾರ ತಳಿ ಅಂತ ಗೊತ್ತಿರಬೇಕಲ್ಲ. ಹೆಣ್ಣುಮರಿ ಅದು.

21ನೇ ದಿನ ತೂಕ ಮಾಡಿದಾಗ 7.9 ಕೆಜಿ ಇತ್ತು. ಅಣ್ಣಂದಿರು ಇನ್ನೂ ಮುಂದೆ ಇದ್ದಾರೆ, ದೊಡ್ಡವನು 9.6. ಈಗ ಎಲ್ಲವೂ ಹುಲ್ಲಿನ ಮೇಲೆ ಇವೆ. ಸಂಜೆ ಬಿಸಿಲು ಇಳಿಯುವಾಗ ಮರಿಗಳೆಲ್ಲ ಗುಂಪು ಕಟ್ಟಿಕೊಂಡು ದಿಬ್ಬದ ಈ ತುದಿಯಿಂದ ಆ ತುದಿಗೆ ಓಡುತ್ತವೆ. ನಿನ್ನೆ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದೆ. 14 ಒಮ್ಮೆ ಕೂಗಿತು. ಗುಂಪಿನಿಂದ ಒಂದೇ ಒಂದು ಮರಿ ಬಿಡಿಸಿಕೊಂಡು ಬಂತು. ದಾರಿಯಲ್ಲಿ ಮೇಯುತ್ತಿದ್ದ 27ರ ಪಕ್ಕದಲ್ಲೇ ಹಾದು, ಅದರ ಕಡೆ ನೋಡದೆ, ನೇರವಾಗಿ 14ರ ಕೆಚ್ಚಲಿಗೆ ತಲೆ ಕೊಟ್ಟಿತು.